‘ಭಿನ್ನಮತೀಯ’ ಅನ್ನುವುದನ್ನು ರಷ್ಯನ್‌ನಲ್ಲಿ ಹೇಳುವುದು ಹೇಗೆ?

ಮಲ್ಲೇಶ್ವರದ ನಮ್ಮ ಮನೆಯ ವರಾಂಡದಲ್ಲಿ ಭಾನುವಾರ ಬೆಳಿಗ್ಗೆ ನಾನು ಆರು ಜನಕ್ಕೆ ರಷ್ಯನ್ ಹೇಳಿಕೊಡುತ್ತೇನೆ. ಕಳೆದ ತಿಂಗಳು ಅವರಲ್ಲಿ ಒಬ್ಬ ಹುಡುಗ ಹಳೇ ಕನ್ನಡ ಪೇಪರಿನ ತಲೆಬರಹವೊಂದನ್ನು ರಷ್ಯನ್‌ಗೆ ಮಾಡಿಕೊಂಡು ಬಂದಿದ್ದ. ‘ಭಿನ್ನಮತೀಯ ಶಾಸಕರು ರೆಸಾರ್ಟ್‌ಗೆ’. ಭಿನ್ನಮತೀಯರು ಅನ್ನುವ ಕಡೆ ‘ದಿಸಿದ್ಯೆಂತಿ’ ಅಂತ ಬರೆದಿದ್ದ. ನಿಘಂಟು ನೋಡಿಯೇ ಬರೆದದ್ದು, ತಪ್ಪು ಅವನದಲ್ಲ. ಆದರೆ ರಷ್ಯದವರು ಅದನ್ನು ಓದಿದರೆ ಅವರ ಕಣ್ಣ ಮುಂದೆ ಬರುವುದೇ ಬೇರೆ. ಸೋವಿಯತ್ ಸರ್ಕಾರವನ್ನು ಒಪ್ಪದವರು, ನಿಷೇಧಿತ ಬರಹ ನಕಲು ಮಾಡುವ ಟೈಪ್‌ರೈಟರ್, ಕಾರ್ಬನ್ ಹಾಳೆ, ರಾತ್ರಿ ಮನೆ ಜಪ್ತಿ, ಮೊರ್ದೋವಿಯಾದ ಕೈದಿಗಳ ಶಿಬಿರ. ಮಂತ್ರಿ ಸ್ಥಾನ ಸಿಗದೆ ಮುನಿಸಿಕೊಂಡವರಿಗೆ ‘ನಿದವೋಲ್ನಿಯೆ’ ಅಂದರೆ ಸಾಕು. ನಮ್ಮ ಪೇಪರಿನ ‘ಅತೃಪ್ತರು’ ಇದ್ದಾರಲ್ಲ, ಸರಿಯಾಗಿ ಅದೇ.

ನಾನು ರಷ್ಯನ್ ಕಲಿತದ್ದು ಸೋವಿಯತ್ ಕಾಲದ ಪಠ್ಯಪುಸ್ತಕಗಳಿಂದ. ಕಾರ್ಖಾನೆಗೆ ‘ಜ಼ವೋದ್’ ಅನ್ನಬೇಕು ಅಂತ ಮೊದಲ ತಿಂಗಳೇ ಬಂತು. ಸರ್ಕಾರವನ್ನು ಒಪ್ಪದವನಿಗೆ ಏನನ್ನಬೇಕು ಅಂತ ಕೊನೆಯ ಪುಟದವರೆಗೂ ಬರಲಿಲ್ಲ. ಆಮೇಲೆ ಒಂದೊಂದಾಗಿ ಹುಡುಕಿಕೊಂಡೆ. ಅದಕ್ಕೇ ಈ ಪದಗಳನ್ನು ಸರಿಯಾಗಿ ಕಲಿಸಬೇಕು ಅಂತ ನನಗೆ ಅಷ್ಟು ಆಸೆ.

ಒಂದು ನೋಟ್‌ಬುಕ್ ತಗೊಳ್ಳಿ. ಪುಟಕ್ಕೆ ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ಪದ, ಒತ್ತು ಬೀಳುವ ಕಡೆ ಗೆರೆ ಎಳೆದು. ಎರಡನೆಯದರಲ್ಲಿ ಪದ ಬಿಡಿಸಿದರೆ ಏನು ಸಿಗುತ್ತದೆ ಅನ್ನುವುದು. ಮೂರನೆಯದು ಮುಖ್ಯ: ಯಾರು ಯಾರಿಗೆ ಅಂದದ್ದು, ಯಾವ ಕಾಲದಲ್ಲಿ. ಮೂರನೆಯ ಕಾಲಂ ಖಾಲಿ ಇದ್ದರೆ ಆ ಪದ ನಿಮಗಿನ್ನೂ ಬಂದಿಲ್ಲ ಅಂತಲೇ ಲೆಕ್ಕ.

ಮೊದಲು ‘ಇನಕಮೀಸ್ಲ್ಯಶ್ಚಿ’ ಬರೆಯಿರಿ. ಒತ್ತು ‘ಮೀ’ ಮೇಲೆ. ಒತ್ತಿಲ್ಲದ ‘ಒ’ ಮಾಸ್ಕೋ ಬಾಯಲ್ಲಿ ‘ಅ’ ಆಗುತ್ತದೆ, ಅದಕ್ಕೇ ಬರೆಯುವಾಗ ‘ಇನಾಕೊ’, ಹೇಳುವಾಗ ‘ಇನಕ’. ಬಿಡಿಸಿ ನೋಡಿ. ‘ಇನಾಕೊ’ ಅಂದರೆ ಬೇರೆ ಥರ. ‘ಮೀಸ್ಲ್’ ಅಂದರೆ ಯೋಚನೆ. ಕೊನೆಯ ತುಂಡು ನಮ್ಮ ‘ಯೋಚಿಸುವ’ದಲ್ಲಿರುವ ‘ಉವ’. ಬೇರೆ ಥರ ಯೋಚಿಸುವವನು, ಅಷ್ಟೇ. ಬೈಗುಳ ಇಲ್ಲ, ಹೊಗಳಿಕೆಯೂ ಇಲ್ಲ. ಮೂಳೆ ಎಣಿಸಿದರೆ ‘ಭಿನ್ನ’ ಮತ್ತು ‘ಮತ’ ಸೇರಿದ ನಮ್ಮ ಪದದ ಹಾಗೇ ಇದೆ, ಅಲ್ವಾ? ನಮ್ಮಲ್ಲಿ ಅದು ಪಕ್ಷದೊಳಗಿನ ಜಗಳಕ್ಕೆ ಸವೆದು ಹೋಯಿತು. ಅದಕ್ಕೆ ಕನ್ನಡಕ್ಕೆ ತರುವಾಗ ‘ಬೇರೆ ಯೋಚಿಸುವವರು’ ಅಂತ ಬಿಡಿಸಿ ಬರೆಯುವುದೇ ವಾಸಿ. ಇದು ವಿಶೇಷಣದ ಹಾಗೆ ರೂಪ ಬದಲಿಸುತ್ತದೆ ಅನ್ನುವುದನ್ನೂ ಮರೆಯಬೇಡಿ. ಹೆಂಗಸಾದರೆ ‘ಇನಕಮೀಸ್ಲ್ಯಶ್ಚಯ’, ಹಲವರಾದರೆ ‘ಇನಕಮೀಸ್ಲ್ಯಶ್ಚಿಯೆ’.

‘ದಿಸಿದ್ಯೆಂತ್’ ಹೊರಗಿನಿಂದ ಬಂದದ್ದು. ಲ್ಯಾಟಿನ್ ಮೂಲ. 1970ರ ದಶಕದಲ್ಲಿ ಮಾಸ್ಕೋದಲ್ಲಿದ್ದ ವಿದೇಶಿ ಪತ್ರಕರ್ತರ ಬಾಯಿಂದ ಹರಡಿತು. ಸರ್ಕಾರಿ ಪತ್ರಿಕೆಗಳು ಅದರ ಹಿಂದೆ ‘ಹಾಗೆಂದು ಕರೆಯಲಾಗುವ’ ಅನ್ನುವ ಅರ್ಥದ ಮಾತು ಸೇರಿಸಿ ಚುಚ್ಚುತ್ತಿದ್ದವು. ಹಾಗಾಗಿ ಆ ಜನರಲ್ಲೇ ಎಷ್ಟೋ ಮಂದಿಗೆ ‘ಪ್ರವಜ಼ಶ್ಚೀತ್ನಿಕ್’ ಅನ್ನಿಸಿಕೊಳ್ಳುವುದೇ ಇಷ್ಟವಾಗಿತ್ತು. ‘ಪ್ರಾವೊ’ ಹಕ್ಕು, ‘ಜ಼ಶ್ಚೀತ’ ಕಾಪಾಡುವುದು, ‘ನಿಕ್’ ನಮ್ಮ ಹೂಗಾರ, ಸಾಲಗಾರದಲ್ಲಿರುವ ‘ಗಾರ’. ಈ ‘ನಿಕ್’ ಹಿಡಿದರೆ ಹತ್ತು ಪದ ಒಟ್ಟಿಗೆ ಸಿಗುತ್ತವೆ.

ಆದರೆ ‘ಅತ್ಕಾಜ಼್ನಿಕ್’ನಲ್ಲಿ ಹುಷಾರು. ‘ಅತ್ಕಾಜ಼್’ ಅಂದರೆ ನಿರಾಕರಣೆ. ಒಲ್ಲೆ ಅಂದವನು ಅಂತ ನನ್ನ ವಿದ್ಯಾರ್ಥಿಗಳೆಲ್ಲ ಬರೆಯುತ್ತಾರೆ. 1970ರ ದಶಕದ ಪುಸ್ತಕದಲ್ಲಿ ಅದು ತಿರುವುಮುರುವು. ದೇಶ ಬಿಟ್ಟು ಹೋಗಲು ಅರ್ಜಿ ಹಾಕಿ, ಸರ್ಕಾರದಿಂದ ಆಗಲ್ಲ ಅನ್ನಿಸಿಕೊಂಡವನು. ಹೆಚ್ಚಿನವರು ಯಹೂದಿಗಳು. ಅರ್ಜಿ ಹಾಕಿದ್ದಕ್ಕೇ ಎಷ್ಟೋ ಜನರ ಕೆಲಸ ಹೋಗುತ್ತಿತ್ತು. ಕೆಲಸ ಇಲ್ಲದಿದ್ದರೆ ‘ತುನಿಯಾದಿತ್ಸ್’, ಅಂದರೆ ದುಡಿಯದೆ ತಿನ್ನುವವನು ಅನ್ನುವ ಕೇಸು. 1964ರಲ್ಲಿ ಕವಿ ಬ್ರಾಡ್‌ಸ್ಕಿಯವರಿಗೆ ಇದೇ ಪದ ಅಂಟಿಸಿ ಐದು ವರ್ಷದ ಗಡಿಪಾರು ಶಿಕ್ಷೆ ಕೊಟ್ಟು ಉತ್ತರದ ಹಳ್ಳಿಗೆ ಕಳಿಸಿದರು. 2022ರ ಮೇಲಿನ ಸುದ್ದಿಯಲ್ಲಿ ‘ಅತ್ಕಾಜ಼್ನಿಕ್’ ಸಿಕ್ಕರೆ ಯುದ್ಧಕ್ಕೆ ಹೋಗಲ್ಲ ಅಂದ ಸೈನಿಕನಿರಬಹುದು. ಅಲ್ಲಿ ಒಲ್ಲೆ ಅಂದವನು ಅವನೇ. ವರ್ಷ ನೋಡದೆ ಅನುವಾದ ಮಾಡಲೇಬೇಡಿ.

ಸರ್ಕಾರ ಎಸೆದ ಪದಗಳು ಬೇರೆ ಪುಟದಲ್ಲಿರಲಿ. ‘ವ್ರಾಗ್ ನರೋದ’, ಜನರ ಶತ್ರು, ಸ್ಟಾಲಿನ್ ಕಾಲದ 1937ರಲ್ಲಿ ಪ್ರಾಣ ತೆಗೆದ ಪದ. ‘ಅಂತಿಸವ್ಯೇತ್ಚಿಕ್’, ಸೋವಿಯತ್ ವಿರೋಧಿ. 1966ರ ಫೆಬ್ರವರಿಯಲ್ಲಿ ಸಿನ್ಯಾವ್‌ಸ್ಕಿ ಮತ್ತು ಡೇನಿಯಲ್ ಅನ್ನುವ ಇಬ್ಬರು ಬರಹಗಾರರಿಗೆ ಏಳು ಮತ್ತು ಐದು ವರ್ಷ ಶಿಕ್ಷೆಯಾದದ್ದು ಸೋವಿಯತ್ ವಿರೋಧಿ ಪ್ರಚಾರದ ಆರೋಪದಲ್ಲಿ. ಅವರು ಮಾಡಿದ್ದು ಇಷ್ಟೇ, ಬೇರೆ ಹೆಸರಿಟ್ಟು ಹೊರದೇಶದಲ್ಲಿ ಕತೆ ಅಚ್ಚು ಹಾಕಿಸಿದ್ದು.

ಈಗಿನ ಸುದ್ದಿ ಓದುವವರಿಗೆ ಜಾಸ್ತಿ ಸಿಗುವುದು ‘ಇನಅಗ್ಯೆಂತ್’, ವಿದೇಶಿ ಏಜೆಂಟ್. 2012ರ ಕಾನೂನಿನಿಂದ ಬಂದದ್ದು. ಮೊದಲು ಸಂಘ ಸಂಸ್ಥೆಗಳಿಗೆ, ಆಮೇಲೆ ಮಾಧ್ಯಮಕ್ಕೆ, ಆಮೇಲೆ ಒಬ್ಬೊಬ್ಬ ವ್ಯಕ್ತಿಗೂ. ಸೋವಿಯತ್ ಕಾಲ ಕಂಡವರ ಕಿವಿಗೆ ಇದರಲ್ಲಿ ಗೂಢಚಾರನ ವಾಸನೆ ಇದೆ. ಹಾಗಾಗಿ ಒಬ್ಬರನ್ನು ಸುಮ್ನೆ ‘ಇನಅಗ್ಯೆಂತ್’ ಅನ್ನಬೇಡಿ. ‘ಪ್ರಿಜ಼್ನಾನ್ ಇನಅಗ್ಯೆಂತಮ್’ ಅನ್ನಿ. ಹಾಗೆಂದು ಘೋಷಿಸಲ್ಪಟ್ಟವರು ಅಂತ. ಆ ಒಂದು ಕ್ರಿಯಾಪದದಿಂದ, ಅಂದದ್ದು ಸರ್ಕಾರ, ನೀವಲ್ಲ ಅನ್ನುವುದು ಸ್ಪಷ್ಟವಾಗುತ್ತದೆ.

ಇನ್ನು ಎರಡು ಮನೆಮಾತಿನ ಪದ. ‘ಸ್ತುಕಾಚ್’, ತಟ್ಟುವವನು. ಅಂದರೆ ಪಕ್ಕದ ಮನೆಯ ಮಾತು ಪೊಲೀಸರಿಗೆ ಮುಟ್ಟಿಸುವವನು. ಮತ್ತೆ ‘ಸಿದ್ಯೇತ್’, ಕೂರುವುದು. ಯಾವುದರ ಮೇಲೆ ಅಂತ ಹೇಳದೆ ‘ಅವನು ಮೂರು ವರ್ಷ ಕೂತಿದ್ದ’ ಅಂದರೆ ಜೈಲಿನಲ್ಲಿದ್ದ ಅಂತಲೇ ಅರ್ಥ.

ಈ ‘ಸಿದ್ಯೇತ್’ ಅನ್ನು ನಾನು ಮನೆಯಲ್ಲಿ ಕಲಿಸುವುದಿಲ್ಲ. ಎಲ್ಲರನ್ನೂ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ. ಹಳೇ ಸೆಂಟ್ರಲ್ ಜೈಲು ಅದು. ಕಾವಲು ಗೋಪುರ ಈಗಲೂ ಇದೆ. ತುರ್ತುಪರಿಸ್ಥಿತಿಯಲ್ಲಿ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಇಟ್ಟಿದ್ದು ಇಲ್ಲೇ. ಆಸ್ತಮಾ ಇತ್ತು. ಬಿಟ್ಟ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಅಂಥವರಿಗೆ ರಷ್ಯನ್‌ನಲ್ಲಿ ‘ಊಜ಼್ನಿತ್ಸ ಸೋವಿಸ್ತಿ’ ಅನ್ನುತ್ತಾರೆ, ಮನಸ್ಸಾಕ್ಷಿಯ ಕೈದಿ. ಗಂಡಸಾದರೆ ‘ಊಜ಼್ನಿಕ್’.

ಮೊನ್ನೆ ಹೋದಾಗ ಒಬ್ಬ ಹುಡುಗಿ ಬೆಂಚಿನ ಮೇಲೆ ಕೂತಿದ್ದವರನ್ನು ತೋರಿಸಿ ‘ಜ಼್ದ್ಯೇಸ್ ಸಿದ್ಯಾತ್’ ಅಂದಳು, ಇಲ್ಲಿ ಕೂರುತ್ತಾರೆ. ಆಮೇಲೆ ಗೋಪುರದ ಕಡೆ ತಿರುಗಿ, ಸ್ವಲ್ಪ ತಡೆದು, ‘ಜ಼್ದ್ಯೇಸ್ ಸಿದ್ಯೇಲಿ’ ಅಂದಳು. ಇಲ್ಲಿ ಕೂತಿದ್ದರು. ಅಲ್ಲೇ ನಿಂತು ಮೂರನೆಯ ಕಾಲಮ್ಮಿನಲ್ಲಿ ಬೆಂಗಳೂರು, 1976 ಅಂತ ಬರೆದುಕೊಂಡಳು.