ನೆಟ್‌ವರ್ಕ್ ಹೋದರೂ ದಾರಿ ತಪ್ಪಬಾರದು ಅಂದ್ರೆ: ಕಾರಿನಲ್ಲಿ ಫೋನ್ ಮ್ಯಾಪ್ ಬಳಸುವುದು ಹೀಗೆ

ಬೆಂಗಳೂರಿಂದ ಹೊರನಾಡಿಗೆ ಕಾರಿನಲ್ಲಿ ಹೊರಟಿದ್ದೀರಿ ಅಂತಿಟ್ಟುಕೊಳ್ಳಿ. ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ ತನಕ ಏನೂ ತೊಂದರೆಯಿಲ್ಲ. ಕೊಟ್ಟಿಗೆಹಾರದಲ್ಲಿ ಕಳಸದ ಕಡೆ ತಿರುಗಿದ ಮೇಲೆ ಅಲ್ಲಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಹಿಂದಿನ ಸೀಟಿನಿಂದ ಯಾರೋ ‘ಜಿಪಿಎಸ್ ಹೋಯ್ತು’ ಅನ್ನುತ್ತಾರೆ. ಜಿಪಿಎಸ್ ಎಲ್ಲೂ ಹೋಗಿರುವುದಿಲ್ಲ. ಹೋಗಿರುವುದು ಇಂಟರ್ನೆಟ್.

ಇವೆರಡೂ ಬೇರೆ ಬೇರೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ‘ಈಗ ಟೈಮ್ ಇಷ್ಟು, ನಾನಿರೋದು ಇಲ್ಲಿ’ ಅಂತ ಸದಾ ಹೇಳುತ್ತಲೇ ಇರುತ್ತವೆ. ನಿಮ್ಮ ಫೋನು ಅದನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ, ತಿರುಗಿ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ಸಾಕು, ಲೆಕ್ಕ ಹಾಕಿ ತಾನಿರುವ ಜಾಗ ಕಂಡುಹಿಡಿಯುತ್ತದೆ. ಇದಕ್ಕೆ ಸಿಮ್ ಬೇಡ, ಡೇಟಾ ಬೇಡ, ತಲೆ ಮೇಲೆ ಆಕಾಶ ಕಂಡರೆ ಆಯಿತು. ಇಸ್ರೊದ ನಾವಿಕ್ ಉಪಗ್ರಹಗಳೂ ಇದೇ ರೀತಿ ಕೆಲಸ ಮಾಡುತ್ತವೆ, ಅವುಗಳನ್ನು ನೋಡಿಕೊಳ್ಳುವ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ಇಂಟರ್ನೆಟ್ ಬೇಕಾಗುವುದು ರಸ್ತೆಯ ಚಿತ್ರಕ್ಕೆ, ದಾರಿ ಹುಡುಕುವುದಕ್ಕೆ, ಎಲ್ಲಿ ಟ್ರಾಫಿಕ್ ಜಾಸ್ತಿ ಅಂತ ತಿಳಿಯುವುದಕ್ಕೆ. ಹಾಗಾಗಿ ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡು ಹೊರಟರೆ ಘಟ್ಟದಲ್ಲಿ ಪರದಾಡಬೇಕಿಲ್ಲ. ಇಲ್ಲಿ ಹೇಳುವುದೆಲ್ಲದರ ಸಾರ ಇಷ್ಟೇ: ಬೆರಳಿನ ಕೆಲಸವೆಲ್ಲ ಕಾರಿನ ಕೀ ತಿರುಗಿಸುವ ಮೊದಲೇ ಮುಗಿದಿರಬೇಕು.

ಮೊದಲು ಫೋನಿನ ಸೆಟ್ಟಿಂಗ್

ಲೊಕೇಶನ್ ಆನ್ ಮಾಡಿ. ಮ್ಯಾಪ್ ಆಪ್‌ಗೆ ಲೊಕೇಶನ್ ಅನುಮತಿ ಕೊಡುವ ಜಾಗದಲ್ಲಿ ‘ಪ್ರಿಸೈಸ್’ ಅಂತ ಒಂದು ಸ್ವಿಚ್ ಇರುತ್ತದೆ, ಅದೂ ಆನ್ ಇರಲಿ. ಅದು ಆಫ್ ಆಗಿದ್ದರೆ ಆಪ್‌ಗೆ ನೀವು ಯಾವ ಏರಿಯಾದಲ್ಲಿದ್ದೀರಿ ಅನ್ನುವುದಷ್ಟೇ ಗೊತ್ತಾಗುತ್ತದೆ, ಯಾವ ರಸ್ತೆಯಲ್ಲಿ ಅನ್ನುವುದು ಗೊತ್ತಾಗುವುದಿಲ್ಲ. ಬ್ಯಾಟರಿ ಸೇವರ್ ಆಫ್ ಮಾಡಿ. ಧ್ವನಿಯನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು. ಗೂಗಲ್ ಮ್ಯಾಪ್ಸ್‌ನ ನ್ಯಾವಿಗೇಷನ್ ಸೆಟ್ಟಿಂಗಿನಲ್ಲಿ ಆ ಆಯ್ಕೆ ಇದೆ. ಇಂಗ್ಲಿಷ್ ಧ್ವನಿ ನಮ್ಮ ಊರುಗಳ ಹೆಸರನ್ನು ತಿರುಚುವುದು ಕೇಳಿದ್ದೀರಲ್ವಾ? ಅಪ್ಪ ಅಮ್ಮನ ಫೋನಿನಲ್ಲಂತೂ ಇದನ್ನು ಮಾಡಿಕೊಡಲೇಬೇಕು. ಹಾಗೇ ಹತ್ತಿರದ ಯಾವುದಾದರೂ ಜಾಗ ಹಾಕಿ ಒಮ್ಮೆ ಕೇಳಿ ನೋಡಿ, ಧ್ವನಿ ಬರುತ್ತಿಲ್ಲ ಅನ್ನುವುದು ಹೆದ್ದಾರಿಯಲ್ಲಿ ಗೊತ್ತಾದರೆ ಕಷ್ಟ.

ಜಾಗ ಸರಿಯಾಗಿ ಹಾಕುವುದೇ ದೊಡ್ಡ ಕೆಲಸ

ಜನ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ, ಗಾಡಿ ಇನ್ನೂ ಹೊರಟಿರುವುದೇ ಇಲ್ಲ. ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಎಷ್ಟು ಬೇಕಾದರೂ ಇವೆ. ಚಿಕ್ಕಮಗಳೂರು ಜಿಲ್ಲೆಯಲ್ಲೊಂದು ಕೊಪ್ಪ, ಮದ್ದೂರು ತಾಲ್ಲೂಕಿನಲ್ಲೊಂದು ಕೊಪ್ಪ. ಹೊಸಹಳ್ಳಿಗಳನ್ನಂತೂ ಎಣಿಸುವ ಹಾಗೇ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವಾಗ ಇನ್ನೂ ಗೊಂದಲ. ಹಾಸನ ಜಿಲ್ಲೆಯ ಬೇಲೂರಿಗೂ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿಗೂ ಒಂದೇ ಒಂದು ‘ಎಲ್’ ವ್ಯತ್ಯಾಸ, ಸಾಲದ್ದಕ್ಕೆ ಎರಡೂ ಇದೇ ಹೊರನಾಡಿನ ದಾರಿಯಲ್ಲೇ ಸಿಗುತ್ತವೆ! ಊರಿನ ಜೊತೆ ತಾಲ್ಲೂಕು ಅಥವಾ ಜಿಲ್ಲೆಯ ಹೆಸರನ್ನೂ ಹಾಕಿ. ಕನ್ನಡದಲ್ಲೇ ಟೈಪ್ ಮಾಡಿದರೂ ಹುಡುಕಿಕೊಡುತ್ತದೆ.

ಹೋಮ್‌ಸ್ಟೇಗೋ ಮದುವೆ ಮನೆಗೋ ಹೋಗುವುದಾದರೆ ಅವರಿಂದಲೇ ಲೊಕೇಶನ್ ತರಿಸಿಕೊಳ್ಳಿ. ಇದರಲ್ಲೂ ಒಂದು ಎಡವಟ್ಟಿದೆ. ವಾಟ್ಸಾಪ್‌ನಲ್ಲಿ ‘ಕರೆಂಟ್ ಲೊಕೇಶನ್’ ಒತ್ತಿದರೆ ಹೋಗುವುದು ಕಳಿಸಿದವರು ಆ ಹೊತ್ತಿನಲ್ಲಿ ಎಲ್ಲಿದ್ದರೋ ಆ ಜಾಗ. ಮದುವೆ ಇರುವುದು ತೀರ್ಥಹಳ್ಳಿಯಲ್ಲಿ, ಮಾವ ಲೊಕೇಶನ್ ಕಳಿಸಿದ್ದು ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲಿ ನಿಂತುಕೊಂಡು ಅಂದರೆ ಏನಾಗುತ್ತದೆ ನೋಡಿ. ‘ಮಾವ, ಇದು ಛತ್ರದಿಂದಲೇ ಕಳಿಸಿದ್ದಾ?’ ಅಂತ ಒಂದು ಮಾತು ಕೇಳಿದರೆ ತಪ್ಪೇನಿಲ್ಲ. ತೋಟದ ಮನೆಯಂಥ ಹೆಸರಿಲ್ಲದ ಜಾಗವಾದರೆ, ಮ್ಯಾಪ್‌ನಲ್ಲಿ ಆ ಜಾಗದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ. ಅದನ್ನು ಸೇವ್ ಮಾಡಿಕೊಳ್ಳಿ.

ಮ್ಯಾಪ್ ಇಳಿಸಿಕೊಳ್ಳಿ

ಮನೆಯ ವೈಫೈನಲ್ಲಿ ಇರುವಾಗಲೇ ಗೂಗಲ್ ಮ್ಯಾಪ್ಸ್ ತೆರೆದು ಮೇಲೆ ಮೂಲೆಯಲ್ಲಿರುವ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’ಗೆ ಹೋಗಿ, ಮ್ಯಾಪ್ ನೀವೇ ಆರಿಸಿಕೊಳ್ಳುವ ಆಯ್ಕೆ ಒತ್ತಿ. ಒಂದು ಚೌಕಟ್ಟು ಬರುತ್ತದೆ. ಹೋಗುವ ಊರನ್ನಷ್ಟೇ ಅಲ್ಲ, ಹಾಸನದಿಂದ ಹಿಡಿದು ಹೊರನಾಡು, ಕುದುರೆಮುಖ, ಶೃಂಗೇರಿ ಎಲ್ಲ ಚೌಕಟ್ಟಿನೊಳಗೆ ಬರುವಂತೆ ಎಳೆದು ಡೌನ್‌ಲೋಡ್ ಮಾಡಿ. ಯಾಕೆಂದರೆ ಮಳೆಗಾಲದಲ್ಲಿ ಮರ ಬಿದ್ದು ಇನ್ನೊಂದು ದಾರಿ ಹಿಡಿಯಬೇಕಾಗಿ ಬಂದರೆ ಆ ದಾರಿಯೂ ಫೋನಿನಲ್ಲಿ ಇರಬೇಕಲ್ಲ. ಹೀಗೆ ಇಳಿಸಿದ ಮ್ಯಾಪ್ ಕಾರಿನ ದಾರಿ ಹೇಳುತ್ತದೆ, ಆದರೆ ನೆಟ್ ಇಲ್ಲದಾಗ ಟ್ರಾಫಿಕ್ ತೋರಿಸುವುದಿಲ್ಲ, ಬದಲಿ ದಾರಿಗಳನ್ನೂ ಪಟ್ಟಿ ಮಾಡಿ ಕೊಡುವುದಿಲ್ಲ. ಪೂರ್ತಿ ಆಫ್‌ಲೈನ್‌ನಲ್ಲೇ ನಡೆಯುವ ಆಪ್ ಬೇಕು ಅನ್ನುವವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆ್ಯಂಡ್ ಇವೆ. ಮಲೆನಾಡಿನಲ್ಲಿ ಓಡಾಡುವವರು ಎರಡನೆಯದೊಂದು ಆಪ್ ಇಟ್ಟುಕೊಂಡಿದ್ದರೆ ಒಳ್ಳೆಯದೇ.

ಆಮೇಲೆ, ಯಾರೂ ಮಾಡದ ಒಂದು ಕೆಲಸ. ‘ಸ್ಟಾರ್ಟ್’ ಒತ್ತುವ ಮೊದಲು ಪೂರ್ತಿ ದಾರಿಯನ್ನು ಒಮ್ಮೆ ಕಣ್ಣಿನಿಂದ ನೋಡಿ. ಯಾವ ಯಾವ ಊರು ಬರುತ್ತದೆ ಅಂತ ನಾಲ್ಕೈದು ಹೆಸರು ನೆನಪಿಟ್ಟುಕೊಳ್ಳಿ ಅಥವಾ ಚೀಟಿಯಲ್ಲಿ ಬರೆದುಕೊಳ್ಳಿ. ಹತ್ತು ನಿಮಿಷ ಉಳಿಯುತ್ತದೆ ಅಂತ ಆಪ್ ನಿಮ್ಮನ್ನು ಕಾಫಿ ತೋಟದ ನಡುವಿನ ಸಣ್ಣ ರಸ್ತೆಗೆ ಇಳಿಸಬಹುದು, ಆ ರಸ್ತೆ ಎಸ್ಟೇಟಿನ ಗೇಟಿನಲ್ಲಿ ಮುಗಿಯಲೂಬಹುದು. ಗೊತ್ತಿಲ್ಲದ ಕಡೆ, ಅದರಲ್ಲೂ ರಾತ್ರಿ, ಸುತ್ತಾದರೂ ದೊಡ್ಡ ರಸ್ತೆಯೇ ವಾಸಿ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ, ಪ್ರವಾಹಕ್ಕೆ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ರಸ್ತೆಗೆ ಸರಿಯಾದ ಅಡ್ಡಗಟ್ಟೂ ಇರಲಿಲ್ಲ. ಫೋನಿನಲ್ಲಿ ಗೆರೆ ಇದೆ ಅಂದ ಮಾತ್ರಕ್ಕೆ ಮುಂದೆ ರಸ್ತೆ ಇರಲೇಬೇಕು ಅಂತೇನಿಲ್ಲ.

ಟೈಮ್ ಕೂಡ ನೋಡಿ. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಬಿಡುವುದಿಲ್ಲ. ಊಟಿಗೋ ವಯನಾಡಿಗೋ ಹೊರಟವರು ಮ್ಯಾಪ್ ತೋರಿಸುವ ಗಂಟೆ ಲೆಕ್ಕವನ್ನೇ ನಂಬಿ ಗುಂಡ್ಲುಪೇಟೆಯಲ್ಲಿ ಆರಾಮಾಗಿ ಊಟ ಮಾಡುತ್ತಾ ಕೂತರೆ ರಾತ್ರಿ ಅಲ್ಲೇ ಕಳೆಯಬೇಕಾಗುತ್ತದೆ.

ಫೋನ್ ಎಲ್ಲಿಡಬೇಕು

ತೊಡೆ ಮೇಲೂ ಅಲ್ಲ, ಗೇರಿನ ಪಕ್ಕದ ಗುಂಡಿಯಲ್ಲೂ ಅಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಕೆಳಗೆ ನೋಡಿದರೆ ಕಾರು ಅಷ್ಟರಲ್ಲಿ ಸುಮಾರು 67 ಮೀಟರ್ ಹೋಗಿರುತ್ತದೆ, ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೇ ಲೆಕ್ಕ. ಒಂದು ಗಟ್ಟಿಯಾದ ಹೋಲ್ಡರ್ ಬೇಕು. ಅದು ರಸ್ತೆ ಕಾಣುವುದಕ್ಕೆ ಅಡ್ಡ ಬರಬಾರದು, ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗದಲ್ಲೂ ಇರಬಾರದು. ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ನನಗೆ ಇಷ್ಟ. ಬಿಸಿಲಲ್ಲಿ ಮ್ಯಾಪ್ ಹಾಕಿ ಚಾರ್ಜಿಗೂ ಹಾಕಿದರೆ ಫೋನು ಕಾದುಹೋಗಿ ಸ್ಕ್ರೀನ್ ಮಂಕಾಗುತ್ತದೆ, ಕೆಲವೊಮ್ಮೆ ಚಾರ್ಜ್ ಆಗುವುದೇ ನಿಲ್ಲುತ್ತದೆ. ತಣ್ಣನೆ ಗಾಳಿ ತಾಗುತ್ತಿದ್ದರೆ ಆ ತಾಪತ್ರಯ ಕಮ್ಮಿ. ಹಳೆ ಕಾರಿನ ಯುಎಸ್‌ಬಿ ಕಿಂಡಿಯನ್ನು ನಂಬಬೇಡಿ, ಅದು ತುಂಬಿಸುವುದಕ್ಕಿಂತ ಮ್ಯಾಪ್ ಖಾಲಿ ಮಾಡುವುದೇ ಜಾಸ್ತಿ ಇರಬಹುದು. 12 ವೋಲ್ಟ್ ಸಾಕೆಟ್ಟಿಗೆ ಹಾಕುವ ಒಳ್ಳೆ ಚಾರ್ಜರ್ ತೆಗೆದುಕೊಳ್ಳಿ. ಫೋನಿನ ಮ್ಯಾಪನ್ನು ಕಾರಿನ ಸ್ಕ್ರೀನಿನಲ್ಲೇ ತೋರಿಸುವ ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ನಿಮ್ಮ ಕಾರಿನಲ್ಲಿ ಇದ್ದರೆ ಹೋಲ್ಡರೇ ಬೇಡ.

ಬೈಕಿನವರಿಗೆ ಎರಡು ಮಾತು. ಆಪ್‌ನಲ್ಲಿ ಬೈಕಿನ ಚಿತ್ರ ಆರಿಸಿಕೊಂಡೇ ಹೊರಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಆಟೊಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಇನ್ನೊಂದು, ಹ್ಯಾಂಡಲ್‌ಗೆ ಫೋನ್ ಕಟ್ಟಿದರೆ ಎಂಜಿನ್ನಿನ ನಡುಕಕ್ಕೆ ಕ್ಯಾಮೆರಾ ಹಾಳಾಗಬಹುದು ಅಂತ ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ನಡುಕ ತಡೆಯುವ ಹೋಲ್ಡರ್ ಸಿಗುತ್ತದೆ.

ಹೊರಟ ಮೇಲೆ

ಬೇಸ್‌ಮೆಂಟಿನಲ್ಲಿ ನಿಂತು ‘ಲೊಕೇಶನ್ ಸಿಗ್ತಿಲ್ಲ’ ಅಂತ ಬೈಯಬೇಡಿ, ಬಯಲಿಗೆ ಬನ್ನಿ. ಶುರುವಿನಲ್ಲಿ ಬಾಣ ಎತ್ತಲೋ ತೋರಿಸುತ್ತಿದ್ದರೆ ಸ್ವಲ್ಪ ದೂರ ಹೋಗಿ, ಗಾಡಿ ಚಲಿಸಿದ ಮೇಲೆಯೇ ಫೋನಿಗೆ ದಿಕ್ಕು ಸರಿಯಾಗಿ ತಿಳಿಯುವುದು.

ಒಳ್ಳೆ ಬಯಲಿನಲ್ಲೂ ಫೋನ್ ತೋರಿಸುವ ಜಾಗ ಐದು ಮೀಟರ್‌ನಷ್ಟು ಆಚೀಚೆ ಇರುತ್ತದೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. ಮುಖ್ಯ ರಸ್ತೆಗೂ ಸರ್ವಿಸ್ ರಸ್ತೆಗೂ ಇರುವ ಅಂತರವೇ ಅಷ್ಟು! ಅದಕ್ಕೇ ಫ್ಲೈಓವರ್ ಹತ್ತಿರ ಫೋನಿಗೆ ತಲೆ ಕೆಡುವುದು. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿ ಕಡೆಗಿನ ಮೇಲ್ಸೇತುವೆ ಹತ್ತು ಕಿ.ಮೀ. ಉದ್ದ ಇದೆ. ಬೊಮ್ಮನಹಳ್ಳಿಗೆ ಹೋಗಬೇಕಾದವರು ಮೇಲೆ ಹತ್ತಿದರೆ ಬೊಮ್ಮನಹಳ್ಳಿಯನ್ನು ಮೇಲಿಂದಲೇ ನೋಡಿಕೊಂಡು ಮುಂದೆ ಹೋಗಬೇಕು. ಇಂಥ ಕಡೆ ಧ್ವನಿಗೆ ಕಾಯದೆ ರಸ್ತೆಯ ಬೋರ್ಡ್ ಓದಿ. ಹಾಗಿದ್ದೂ ತಪ್ಪಿದಿರಾ? ಗಾಬರಿಯಿಂದ ಬ್ರೇಕ್ ಹಾಕಬೇಡಿ, ರಿವರ್ಸ್ ಅಂತೂ ಬೇಡವೇ ಬೇಡ. ಮುಂದೆ ಹೋಗಿ, ಆಪ್ ತಾನಾಗಿ ಹೊಸ ದಾರಿ ಹುಡುಕುತ್ತದೆ.

ನಡುವೆ ಏನಾದರೂ ಬದಲಾಯಿಸಬೇಕಿದ್ದರೆ ಪಕ್ಕದಲ್ಲಿ ಕೂತವರಿಗೆ ಹೇಳಿ. ಒಬ್ಬರೇ ಇದ್ದರೆ ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ. ಕಾನೂನೂ ಇಷ್ಟಕ್ಕೇ ಒಪ್ಪುತ್ತದೆ: 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದ ಪ್ರಕಾರ ಓಡಿಸುವಾಗ ಫೋನ್ ಬಳಸಬಹುದಾದದ್ದು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದ ಹಾಗೆ. ಕೈಯಲ್ಲಿ ಹಿಡಿದು ಮಾತಾಡಿದರೆ ಅಪಾಯಕಾರಿ ಚಾಲನೆ ಅಂತ ಕೇಸು ಬೀಳುತ್ತದೆ, ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ.

ಕೊನೆಯ ಒಂದೆರಡು ಕಿಲೋಮೀಟರ್ ಫೋನಿಗಿಂತ ಊರಿನವರೇ ಮೇಲು. ಆದರೆ ‘ಈ ದಾರಿ ಹೋಗುತ್ತಾ?’ ಅಂತ ಕೇಳಬೇಡಿ, ಹೋಗುತ್ತೆ ಅಂದುಬಿಡುತ್ತಾರೆ. ‘ಅಣ್ಣಾ, ಕಾರು ಹೋಗುತ್ತಾ, ಮಳೆಗೆ ರಸ್ತೆ ಹೆಂಗಿದೆ?’ ಅಂತ ಕೇಳಿ. ತಲುಪಿದ ಮೇಲೆ ನ್ಯಾವಿಗೇಷನ್ ನಿಲ್ಲಿಸಿ, ಇಲ್ಲದಿದ್ದರೆ ಜೇಬಿನೊಳಗೇ ಬ್ಯಾಟರಿ ತಿನ್ನುತ್ತಿರುತ್ತದೆ. ಹಾಗೇ, ಗೇಟಿನ ಮುಂದೆ ನಿಂತು ಆ ಜಾಗವನ್ನು ಸೇವ್ ಮಾಡಿ ಹಿಂದಿನ ಕಾರಿನಲ್ಲಿ ಬರುತ್ತಿರುವವರಿಗೆ ಕಳಿಸಿಬಿಡಿ. ನೆಟ್‌ವರ್ಕ್ ಇಲ್ಲವಾದರೆ ಹೋಮ್‌ಸ್ಟೇಯವರ ವೈಫೈ ಕೇಳಿದರಾಯಿತು.