ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಮೀಡಿಯಾ ಪ್ರೊಡಕ್ಷನ್: ಚಾಪೆಲನ್ನೇ ಸ್ಟುಡಿಯೋ ಮಾಡಿಕೊಳ್ಳುವ ಬಗೆ

ಕೋರ್ಸಿಗೆ ಸೇರುವ ಮುನ್ನ ಎಲ್ಲರೂ ನೋಡುವುದು ಕ್ಯಾಮೆರಾಗಳ ಪಟ್ಟಿಯನ್ನು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ: ಚಾಪೆಲ್ ಆರಾಧನೆಯ ಲೈವ್ ನಡೆಸುವವರು ವಿದ್ಯಾರ್ಥಿಗಳೋ, ಸಂಬಳದ ಸಿಬ್ಬಂದಿಯೋ? ವಿದ್ಯಾರ್ಥಿಗಳ ಕೈಗೆ ಬಿಡುವ ಕಡೆ ಬ್ಯಾಂಡು, ಭಾಷಣ, ಕಷ್ಟದ ಬೆಳಕು ಎಲ್ಲವೂ ಒಂದೇ ಗಂಟೆಯಲ್ಲಿ ಸಿಗುತ್ತವೆ, ಅದೂ ಎರಡನೇ ಟೇಕ್ ಇಲ್ಲದೆ. ಇಂಥ ಅಭ್ಯಾಸವನ್ನು ಯಾವ ಲ್ಯಾಬೂ ಕೊಡುವುದಿಲ್ಲ.

ಇನ್ನೂ ಕೆಲವನ್ನು ಬರಹದಲ್ಲೇ ಕೇಳಿಕೊಳ್ಳಿ. ಕ್ಯಾಮೆರಾ ಹಿಂದೆ ನಿಂತದ್ದು ಚಾಪೆಲ್ ಹಾಜರಿಗೆ ಲೆಕ್ಕವೇ? ವಿಶ್ವಾಸ ಪ್ರಮಾಣಕ್ಕೋ ನಡವಳಿಕೆಯ ಒಪ್ಪಂದಕ್ಕೋ ಸಹಿ ಹಾಕಬೇಕೇ? ವಿದ್ಯಾರ್ಥಿ ಚಿತ್ರದ ಹಕ್ಕು ಯಾರದು? ಕಂಟೆಂಟ್ ನಿಯಮವನ್ನಂತೂ ಚಿತ್ರಕಥೆ ಬರೆಯುವ ಮೊದಲೇ ಓದಿ. ಕುಡಿತ, ಹಿಂಸೆ, ಬೈಗುಳವನ್ನು ತೋರಿಸಲೇಬಾರದು ಎನ್ನುವ ನಿಯಮ ಒಂದು, ವೈಭವೀಕರಿಸಬಾರದು ಎನ್ನುವುದು ಇನ್ನೊಂದು. ಎರಡರ ನಡುವೆ ನಿಮ್ಮ ಇಡೀ ಕಥೆ ಉಳಿಯಬಹುದು ಅಥವಾ ಹೋಗಬಹುದು.

ಧ್ವನಿಯಿಂದ ಶುರು ಮಾಡಿ

ಚಿತ್ರ ಮಂಕಾದರೆ ಜನ ಸಹಿಸುತ್ತಾರೆ, ಪ್ರಸಂಗ (ಧರ್ಮೋಪದೇಶ) ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಹೊಸಬರು ಮಿಕ್ಸರಿನ ಮೇನ್ ಔಟ್‌ಪುಟ್‌ನಿಂದ ಒಂದು ಕೇಬಲ್ ಎಳೆದು ಸೀದಾ ಕ್ಯಾಮೆರಾಗೆ ಚುಚ್ಚುತ್ತಾರೆ. ಇದರಲ್ಲಿ ಎರಡು ತೊಂದರೆ.

ಮಿಕ್ಸರಿನಿಂದ ಬರುವುದು ಲೈನ್ ಲೆವೆಲ್ ಎನ್ನುವ ಬಲವಾದ ಸಿಗ್ನಲ್, ವೃತ್ತಿಪರ ಸಲಕರಣೆಯಲ್ಲಿ +4 ಡಿಬಿಯು (ಸಿಗ್ನಲ್ ಮಟ್ಟದ ಡೆಸಿಬೆಲ್ ಅಳತೆ). ಕ್ಯಾಮೆರಾದ ಮೈಕ್ ಇನ್‌ಪುಟ್‌ಗೆ ಬೇಕಾದದ್ದು ಅದಕ್ಕಿಂತ ಸುಮಾರು 40ರಿಂದ 50 ಡೆಸಿಬೆಲ್ ಕಡಿಮೆ. ಸದ್ದು ಒಡೆಯುವುದು ಗೇನ್ ನಾಬಿಗಿಂತ ಮುಂಚಿನ ಹಂತದಲ್ಲಾದರೆ, ನಾಬನ್ನು ಎಷ್ಟು ಇಳಿಸಿದರೂ ಕರಕರ ಹೋಗುವುದಿಲ್ಲ. ಇನ್‌ಪುಟ್ ಸ್ವಿಚ್ಚನ್ನು ಲೈನ್‌ಗೆ ತಳ್ಳಿ, 48 ವೋಲ್ಟ್ ಫ್ಯಾಂಟಮ್ (ಮೈಕ್‌ಗೆ ಕೇಬಲ್ಲಿನಲ್ಲೇ ಹೋಗುವ ವಿದ್ಯುತ್ತು) ಆಫ್ ಮಾಡಿ. ಲೈನ್ ಆಯ್ಕೆಯೇ ಇಲ್ಲದ ಸಣ್ಣ ಕ್ಯಾಮೆರಾಗೆ ನಡುವೆ ಸಿಗ್ನಲ್ ತಗ್ಗಿಸುವ ಪ್ಯಾಡ್ ಬೇಕು. ಗುಂಯ್ ಎನ್ನುವ ಹಮ್ ಇದ್ದರೆ ಬಹುತೇಕ ಗ್ರೌಂಡ್ ಲೂಪ್ (ಎರಡು ಸಲಕರಣೆಗಳ ಅರ್ತ್ ಸೇರಿ ಆದ ಸುತ್ತು). ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ಲಗ್ಗಿನ ಅರ್ತ್ ತೆಗೆಯುವ ಜಾಣತನ ಮಾತ್ರ ಬೇಡ, ಜೀವಕ್ಕೆ ಅಪಾಯ.

ಎರಡನೆಯದು ಇನ್ನೂ ಮುಖ್ಯ. ಆ ಮಿಕ್ಸ್ ಹಾಲ್‌ನಲ್ಲಿ ಕೂತವರಿಗಾಗಿ ಮಾಡಿದ್ದು. ಡ್ರಮ್ಮಿನ ಸದ್ದು ತಾನಾಗಿಯೇ ಹಾಲ್ ತುಂಬುವುದರಿಂದ ಆಪರೇಟರ್ ಅದನ್ನು ಸ್ಪೀಕರಿಗೆ ಹೆಚ್ಚಾಗಿ ಕಳಿಸುವುದಿಲ್ಲ. ಹಾಗಾಗಿ ಲೈವ್‌ನಲ್ಲಿ ಗಾಯಕರ ಒಣ ಧ್ವನಿಯೊಂದೇ ಕೇಳುತ್ತದೆ. ಲೈವ್‌ಗೆಂದೇ ಪ್ರತ್ಯೇಕ ಆಕ್ಸ್ (ಮಿಕ್ಸರಿನಿಂದ ಹೊರಡುವ ಇನ್ನೊಂದು ಮಿಕ್ಸ್) ಕೇಳಿ ಪಡೆಯಿರಿ. ಅದು ಪ್ರೀ-ಫೇಡರ್ (ಹಾಲ್‌ನ ಫೇಡರಿಗೆ ಮುಂಚೆಯೇ ತೆಗೆದದ್ದು) ಆಗಿದ್ದರೆ ಹಾಲ್‌ನ ಏರಿಳಿತ ನಿಮ್ಮನ್ನು ತಟ್ಟುವುದಿಲ್ಲ, ಆದರೆ ಸಮತೋಲ ನೋಡಿಕೊಳ್ಳಲು ಹೆಡ್‌ಫೋನ್ ಹಾಕಿಕೊಂಡ ಒಬ್ಬರು ಕೂತಿರಲೇಬೇಕು. ಆಳು ಇಲ್ಲದಿದ್ದರೆ ಹಾಲ್‌ನ ಫೇಡರಿನ ಜತೆಗೇ ಏರಿಳಿಯುವ ಪೋಸ್ಟ್-ಫೇಡರೇ ವಾಸಿ.

ಸಭೆಯ ಹಾಡು ಕೇಳಬೇಕಾದರೆ ಜನರ ಕಡೆ ಮುಖ ಮಾಡಿದ ಎರಡು ಆಂಬಿಯನ್ಸ್ ಮೈಕ್ ಬೇಕು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ವೇದಿಕೆಯಿಂದ 20 ಮೀಟರ್ ದೂರದ ಮೈಕ್‌ಗೆ ಅದು ತಲುಪುವುದು 58 ಮಿಲಿಸೆಕೆಂಡ್ ತಡವಾಗಿ, ಕೇಬಲ್ಲಿನಲ್ಲಿ ಬಂದದ್ದು ಆಗಲೇ ಮುಟ್ಟಿರುತ್ತದೆ. ಪರಿಣಾಮ: ಪ್ರತಿ ಮಾತೂ ಎರಡೆರಡು ಸಲ. ಮಿಕ್ಸರಿನ ಫೀಡನ್ನು ಅಷ್ಟೇ ತಡೆಹಿಡಿಯಿರಿ, ಪ್ರಸಂಗದ ಹೊತ್ತಿಗೆ ಆಂಬಿಯನ್ಸ್ ಇಳಿಸಿ.

ಪ್ರಸಂಗ ಮಾಡುವವರ ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗಿರಲಿ. ಕೊರಳಿನ ಶಿಲುಬೆ ಅದಕ್ಕೆ ಬಡಿದು ಟಕ್ ಟಕ್ ಅನ್ನುವುದು, ಹೆಗಲ ಮೇಲಿನ ಸ್ಟೋಲ್ ಉಜ್ಜಿ ಸರಸರ ಅನ್ನುವುದು ಚಾಪೆಲಿನ ಖಾಯಂ ಕಾಯಿಲೆ. ಮೈಕ್ ಸಿಕ್ಕಿಸಿದ ಮೇಲೆ ಅವರಿಗೆ ನಾಲ್ಕು ಹೆಜ್ಜೆ ನಡೆದು ಬಗ್ಗಿ ಏಳಲು ಹೇಳಿ, ಆಗ ಗೊತ್ತಾಗುತ್ತದೆ. ಮೀಟರಿನಲ್ಲಿ ಮಾತಿನ ಪೀಕ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಸಾಕು. ಕೊನೆಯ ಹತ್ತು ನಿಮಿಷ ದನಿ ಏರಿಸುವವರಿಗೆ ಜಾಗ ಬೇಕು.

ಬೆಳಕು, ಕ್ಯಾಮೆರಾ

ಬಲಿಪೀಠದ ಹಿಂದೆ ಬಣ್ಣದ ಗಾಜಿನ ಕಿಟಕಿ ಇದ್ದರೆ ಆಟೋ ಎಕ್ಸ್‌ಪೋಷರ್ ಕಿಟಕಿಯನ್ನು ಕಾಪಾಡಿ ಮುಖವನ್ನು ಕಪ್ಪಾಗಿಸುತ್ತದೆ. ಎಲ್ಲವನ್ನೂ ಮ್ಯಾನುಯಲ್ ಮಾಡಿ, ಮುಖಕ್ಕೆ ಹೊಂದಿಸಿ. ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ ಕಿಟಕಿಯನ್ನೇ ಫ್ರೇಮಿನಿಂದ ಆಚೆ ಹಾಕುವುದು ಇನ್ನೂ ಸುಲಭ. ಬಿಳಿ ನಿಲುವಂಗಿ ಇದ್ದ ದಿನ ಜೀಬ್ರಾವನ್ನು (ಅತಿಯಾಗಿ ಬೆಳಗಿದ ಜಾಗಕ್ಕೆ ಪಟ್ಟೆ ತೋರಿಸುವ ಸೂಚನೆ) ಶೇಕಡಾ 95ಕ್ಕೆ ಇಟ್ಟು, ಬಟ್ಟೆಯ ನೆರಿಗೆ ಕಾಣುವಷ್ಟು ಐರಿಸ್ (ಲೆನ್ಸಿನ ಬೆಳಕಿನ ಕಿಂಡಿ) ಇಳಿಸಿ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಿಸುವುದು) ಎಲ್ಲ ಕ್ಯಾಮೆರಾಗೂ ಒಂದೇ ಇರಲಿ, ವೇದಿಕೆಯ ದೀಪದ್ದೇ ಲೆಕ್ಕ. ದೀಪ 3200 ಕೆಲ್ವಿನ್ ಆದರೆ 5600ರ ಹಗಲು ಬೆಳಕು ನೀಲಿಯಾಗಿ ಕಂಡೀತು, ಕಾಣಲಿ ಬಿಡಿ. 50 ಹರ್ಟ್ಸ್ ವಿದ್ಯುತ್ತಿನ ದೇಶದಲ್ಲಿ ಶಟರ್ 1/50 ಸೆಕೆಂಡ್, 60 ಹರ್ಟ್ಸ್ ಇದ್ದಲ್ಲಿ 1/60. ತಪ್ಪಿದರೆ ಪಟ್ಟಿಗಳು ಹರಿದಾಡುತ್ತವೆ.

1921ರ ಜನವರಿ 2ರಂದು ಅಮೆರಿಕದ ಪಿಟ್ಸ್‌ಬರ್ಗಿನ ಕ್ಯಾಲ್ವರಿ ಚರ್ಚಿನಿಂದ ಕೆಡಿಕೆಎ ರೇಡಿಯೋ ಆರಾಧನೆಯನ್ನು ಬಿತ್ತರಿಸಿದಾಗ, ಸಭೆಯ ಗಮನ ಚೆದುರಬಾರದೆಂದು ತಂತ್ರಜ್ಞರಿಗೆ ಗಾಯನ ವೃಂದದ ನಿಲುವಂಗಿ ತೊಡಿಸಿದ್ದರು. ಈಗ ಕಪ್ಪು ಬಟ್ಟೆ, ಸದ್ದಿಲ್ಲದ ಬೂಟು ಸಾಕು. ಪ್ರಾರ್ಥನೆ, ಪರಮಪ್ರಸಾದದ ಹೊತ್ತಿಗೆ ವೈಡ್ ಶಾಟ್‌ಗೆ ಹೋಗಿ. ಅಳುತ್ತಿರುವವರ ಮುಖಕ್ಕೆ ಜೂಮ್ ಬೇಡ. ಯಾವ ಘಟ್ಟದಲ್ಲಿ ಕ್ಯಾಮೆರಾ ನಿಶ್ಚಲವಾಗಿರಬೇಕು ಎಂದು ಪಾಸ್ಟರನ್ನೋ ಫಾದರನ್ನೋ ಮೊದಲೇ ಕೇಳಿ, ರನ್ ಶೀಟಿನಲ್ಲಿ (ಕಾರ್ಯಕ್ರಮದ ಕ್ರಮಪಟ್ಟಿ) ಗುರುತು ಹಾಕಿಕೊಳ್ಳಿ.

ಲೈವ್ ಮತ್ತು ಹಾಡಿನ ಹಕ್ಕು

1080ಪಿ ಚಿತ್ರಕ್ಕೆ 6 ಎಂಬಿಪಿಎಸ್ (ಸೆಕೆಂಡಿಗೆ 6 ಮೆಗಾಬಿಟ್) ಬಿಟ್‌ರೇಟ್, 2 ಸೆಕೆಂಡಿಗೊಂದು ಕೀಫ್ರೇಮ್ (ಇಡೀ ಚಿತ್ರವಿರುವ ಫ್ರೇಮ್). ಅಪ್‌ಲೋಡ್ ವೇಗ ಇದರ ಎರಡರಷ್ಟು ಇರಲಿ, ಅದೂ ತಂತಿಯಲ್ಲಿ; ಹಾಲ್ ಖಾಲಿಯಿದ್ದಾಗ ಓಡಿದ ವೈಫೈ ಸಭೆ ತುಂಬಿದಾಗ ನಿಲ್ಲುತ್ತದೆ. ಕ್ಯಾಮೆರಾದಿಂದ ಕ್ಯಾಮೆರಾಗೆ ಬದಲಿಸುವ ಸ್ವಿಚರ್ ಚಿತ್ರವನ್ನು ಎರಡು ಮೂರು ಫ್ರೇಮ್ ತಡ ಮಾಡಬಹುದು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಅದು 80ರಿಂದ 120 ಮಿಲಿಸೆಕೆಂಡ್. ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿ, ರೆಕಾರ್ಡ್ ಆದದ್ದನ್ನು ನೋಡಿ ಧ್ವನಿಯನ್ನು ಅಷ್ಟು ತಡಮಾಡಿ.

ಚಾಪೆಲಿನಲ್ಲಿ ಹಾಡಬಹುದಾದ ಹಾಡನ್ನೆಲ್ಲ ಲೈವ್ ಕಳಿಸಲಾಗದು. ಚರ್ಚುಗಳಿಗೆ ಹಾಡಿನ ಲೈಸೆನ್ಸ್ ಕೊಡುವ ಸಿಸಿಎಲ್‌ಐ ಸಂಸ್ಥೆಯಲ್ಲೂ ಸಾಹಿತ್ಯವನ್ನು ಪರದೆಗೆ ಹಾಕುವ ಲೈಸೆನ್ಸ್ ಬೇರೆ, ಸ್ಟ್ರೀಮಿಂಗ್ ಲೈಸೆನ್ಸ್ ಬೇರೆ. 18ನೇ ಶತಮಾನದ ಕೀರ್ತನೆಗೆ ಹಕ್ಕು ಮುಗಿದಿದ್ದರೂ ಅದರ ಹೊಸ ಸಂಯೋಜನೆಗೆ ಇರಬಹುದು. ಆ ಲೈಸೆನ್ಸ್ ವಿಶ್ವವಿದ್ಯಾಲಯದ ಹೆಸರಿನದು, ನಿಮ್ಮದಲ್ಲ ಎನ್ನುವುದೂ ನೆನಪಿರಲಿ: ಶೋರೀಲಿಗೆ (ನಿಮ್ಮ ಕೆಲಸದ ತುಣುಕುಗಳ ವಿಡಿಯೋ) ಬ್ಯಾಂಡಿನ ಭಾಗ ಕತ್ತರಿಸಿಕೊಳ್ಳುವ ಮುನ್ನ ಅನುಮತಿ ಕೇಳಿ.

ವ್ಯಕ್ತಿಗಳ ಸಾಕ್ಷಿ (ತಮ್ಮ ಬದುಕು, ನಂಬಿಕೆಯ ಬಗ್ಗೆ ಹೇಳಿಕೊಳ್ಳುವ ಮಾತು) ಚಿತ್ರೀಕರಿಸುವಾಗ ಸಹಿ ಮಾಡಿಸಿಕೊಂಡರಷ್ಟೇ ಸಾಲದು. ಚಟದ ಬಗ್ಗೆಯೋ ಮನೆಯ ಜಗಳದ ಬಗ್ಗೆಯೋ ಹೇಳಿಕೊಂಡವರಿಗೆ ಎಡಿಟ್ ಆದದ್ದನ್ನು ತೋರಿಸಿ, ಬೇಡ ಎಂದ ಭಾಗ ತೆಗೆಯಿರಿ. ಅವರ ಮಾತಿನಲ್ಲಿ ಬರುವ ಮೂರನೆಯವರು ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ. ಅವರ ಹೆಸರು ಎಡಿಟ್ ಟೇಬಲ್ಲಿನಲ್ಲೇ ಬಿದ್ದುಹೋಗಬೇಕು.