ದನದ ಡಾಕ್ಟರ ಊರಿನಲ್ಲಿ ಪರ್ಷಿಯನ್ ಬೆಕ್ಕು

ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಪಶುವೈದ್ಯರೆಂದರೆ ದನದ ಡಾಕ್ಟರು. ಕರು ಅಡ್ಡ ತಿರುಗಿ ನರಳುವ ಆಕಳಿಗೆ ನಡುರಾತ್ರಿಯ ಮಳೆಯಲ್ಲಿ ಬಂದು ಹೆರಿಗೆ ಮಾಡಿಸುವವರು, ಕಾಲುಬಾಯಿ ಜ್ವರದ ಲಸಿಕೆ ಹಾಕಲು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅಲೆಯುವವರು. ಅವರ ಮೇಲೆ ನನಗಿರುವ ಗೌರವ ದೊಡ್ಡದು. ಆದರೆ ಬೆಕ್ಕನ್ನು ಡಾಕ್ಟರ ಬಳಿ ಒಯ್ಯುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಅಟ್ಟದಲ್ಲಿ ಇಲಿ ಹಿಡಿದುಕೊಂಡು, ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಬಂದು ಕೂರುತ್ತಿದ್ದ ಊರ ಬೆಕ್ಕುಗಳು ತಮ್ಮ ಗಾಯವನ್ನು ತಾವೇ ನೆಕ್ಕಿ ವಾಸಿ ಮಾಡಿಕೊಳ್ಳುತ್ತಿದ್ದವು. ಮಗಳು ಬೆಂಗಳೂರಿನಲ್ಲಿ ಸಾಕಿದ್ದ ಬೆಳ್ಳಿ ಎಂಬ ಪರ್ಷಿಯನ್ ಬೆಕ್ಕು, ಮಗಳು ವಿದೇಶಕ್ಕೆ ಹೊರಟಾಗ ನಮ್ಮ ಪಾಲಿಗೆ ಬಂದಿತು. ಆಗ ವೈದ್ಯರನ್ನು ಹುಡುಕುವ ಕೆಲಸ ಶುರುವಾಯಿತು.

ಬೆಳ್ಳಿಯದು ಮಾರುವವರು ‘ಪಂಚ್ ಫೇಸ್’ ಎಂದು ಹೆಚ್ಚು ಬೆಲೆ ಹೇಳುವ ಚಪ್ಪಟೆ ಮುಖ. ನೋಡಲು ಮುದ್ದಾಗಿರುವ ಆ ಮುಖದ ಒಳಗೆ ಮೂಗಿನ ಹೊಳ್ಳೆ ಕಿರಿದು, ಕಣ್ಣೀರಿನ ನಾಳ ಡೊಂಕು, ಹಲ್ಲುಗಳು ಒತ್ತೊತ್ತು. ಸೆಕೆಯಲ್ಲಿ ಉಸಿರಾಟಕ್ಕೆ ಕಷ್ಟ, ಅರಿವಳಿಕೆ ಕೊಟ್ಟಾಗ ಇನ್ನೂ ಕಷ್ಟ. ಇದರ ಜೊತೆಗೆ ಈ ತಳಿಗೆ ವಂಶದಿಂದ ಬರುವ ಒಂದು ಮೂತ್ರಪಿಂಡದ ಕಾಯಿಲೆ ಇದೆ. ಪಿಕೆಡಿ ಎನ್ನುತ್ತಾರೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಹುಟ್ಟಿ ವರ್ಷಗಳ ಕಾಲ ಸದ್ದಿಲ್ಲದೆ ಬೆಳೆಯುತ್ತವೆ. ತಾಯಿ ಅಥವಾ ತಂದೆ, ಒಬ್ಬರಿಂದ ಬಂದರೂ ಸಾಕು. ಕಾರಣವಾದ ವಂಶವಾಹಿ ದೋಷ 2004ರಲ್ಲಿ ಪತ್ತೆಯಾಗುವ ಮೊದಲು ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಮೂರು ಪರ್ಷಿಯನ್ ಬೆಕ್ಕುಗಳಲ್ಲಿ ಒಂದಕ್ಕಿಂತ ಹೆಚ್ಚಿಗೆ ಇದು ಕಂಡುಬಂದಿತ್ತು. ಇಂಥ ಜೀವವನ್ನು ಕಾಯಿಲೆ ಬಿದ್ದ ದಿನ ಎತ್ತಿಕೊಂಡು ಓಡುವುದು ಸರಿಯಲ್ಲ, ಚೆನ್ನಾಗಿರುವಾಗಲೇ ವೈದ್ಯರಿಗೆ ಪರಿಚಯ ಮಾಡಿಸಬೇಕು ಎಂದು ನಾನು ಮೊದಲೇ ನಿಶ್ಚಯಿಸಿದ್ದೆ.

“ಬೆಕ್ಕು ನೋಡುತ್ತೀರಾ?” ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಫಲಕದ ಮೇಲೆ ಬಿ.ವಿ.ಎಸ್ಸಿ. ಪದವಿ ಮತ್ತು ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂದು ಮೊದಲು ನೋಡುತ್ತಿದ್ದೆ. ಆಮೇಲೆ ನಾನು ಕೇಳುತ್ತಿದ್ದುದು ಬೇರೆ. ಚಪ್ಪಟೆ ಮುಖದ ಬೆಕ್ಕಿಗೆ ಅರಿವಳಿಕೆ ಕೊಟ್ಟಿದ್ದೀರಾ? ಲಸಿಕೆ ಇಟ್ಟ ಫ್ರಿಜ್‌ಗೆ ಕರೆಂಟ್ ಹೋದರೆ ಏನು ಮಾಡುತ್ತೀರಿ? ಎರಡನೆಯ ಪ್ರಶ್ನೆ ಮಲೆನಾಡಿನವರು ಕೇಳಲೇಬೇಕಾದದ್ದು. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಆಷಾಢದಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಎರಡು ದಿನ ಕತ್ತಲೆ.

ಶಿವಮೊಗ್ಗದ ಒಂದು ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆಗಳಿಗೆ ಸಿಕ್ಕಿದ್ದು, “ನಾವು ಎಲ್ಲ ನೋಡಿದ್ದೇವೆ, ನಿಮಗೇಕೆ ಚಿಂತೆ?” ಎಂಬ ಉತ್ತರ. ಅಷ್ಟರಲ್ಲೇ ಅಲ್ಲಿನ ಸಹಾಯಕ ಬೆಳ್ಳಿಯ ಕತ್ತಿನ ತೊಗಲು ಹಿಡಿದು ಮೇಜಿನ ಮೇಲೆ ಒತ್ತಿದ್ದ. ಅವಳು ಬಾಯಿ ತೆರೆದು ಉಸಿರಾಡತೊಡಗಿದಳು. ನಾಯಿ ಏದುಸಿರು ಬಿಟ್ಟರೆ ಸಹಜ, ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಅದು ಅಪಾಯದ ಸೂಚನೆ. ನಾನು ಮಾತು ಬೆಳೆಸದೆ ಅವಳನ್ನು ಬುಟ್ಟಿಗೆ ಹಾಕಿಕೊಂಡು ಹೊರಬಂದೆ.

ಈಗ ಬೆಳ್ಳಿಯನ್ನು ನೋಡುವ ಡಾಕ್ಟರಮ್ಮ ಅರ್ಧ ದಿನ ದನಕರುಗಳನ್ನೇ ನೋಡುವವರು. ಮೊದಲ ಭೇಟಿಯಲ್ಲಿ ಅವರು ಬೆಕ್ಕನ್ನು ಹೊರಗೆ ಎಳೆಯಲಿಲ್ಲ. ಬುಟ್ಟಿಯ ಮೇಲಿನ ಮುಚ್ಚಳ ಬಿಚ್ಚಿಟ್ಟು, ಅವಳು ಕೂತಲ್ಲೇ ಕೂರಲು ಬಿಟ್ಟು, ದೂರದಿಂದಲೇ ಗಡಿಯಾರ ನೋಡುತ್ತ ಉಸಿರು ಎಣಿಸಿದರು. ನನ್ನೊಡನೆ ಊಟ, ನೀರು, ಮೂತ್ರದ ಬಗ್ಗೆ ಮಾತಾಡುತ್ತಲೇ ಇದ್ದು, ಕೊನೆಗೆ ಮುಟ್ಟಿದರು. ಪಿಕೆಡಿ ಬಗ್ಗೆ ಕೇಳಿದಾಗ ಅವರು ಹೇಳಿದ್ದು ಇಷ್ಟು: “ಓದಿದ್ದೇನೆ, ಆದರೆ ನನ್ನ ಕೈಯಲ್ಲಿ ಒಂದು ಬೆಕ್ಕನ್ನೂ ನೋಡಿಲ್ಲ. ಹತ್ತು ತಿಂಗಳು ದಾಟಿದ ಮೇಲೆ ಸ್ಕ್ಯಾನ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ವಿನೋಬನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ ಹೇಳುತ್ತೇನೆ, ಎರಡು ದಿನ ಕೊಡಿ.” ಎರಡನೆಯ ದಿನ ಸಂಜೆ ಅವರೇ ಫೋನ್ ಮಾಡಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು, ಗೊತ್ತಿದೆ ಎಂದಾಗ ನಂಬಬಹುದು. ನಾನು ಅವರನ್ನು ಆರಿಸಿಕೊಂಡದ್ದು ಆ ಫೋನ್ ಕರೆಯಿಂದ. ಬೆಳ್ಳಿಯ ಸ್ಕ್ಯಾನ್‌ನಲ್ಲಿ ಗುಳ್ಳೆಗಳಿರಲಿಲ್ಲ.

ನಂಬಿಕೆ ಗಟ್ಟಿಯಾದದ್ದು ಮಳೆಗಾಲದಲ್ಲಿ. ಬಟ್ಟೆಯೂ ಒಣಗದ ಆ ತಿಂಗಳುಗಳಲ್ಲಿ ಉದ್ದ ರೋಮದ ಬೆಕ್ಕಿನ ಚರ್ಮ ಎಲ್ಲಿ ಒಣಗೀತು? ಕಿವಿಯ ಹಿಂದೆ ದುಂಡಗೆ ಕೂದಲು ಉದುರಿ ಹುಳುಕಡ್ಡಿ ಕಾಣಿಸಿಕೊಂಡಿತು. ಪರ್ಷಿಯನ್‌ಗಳಲ್ಲಿ ಇದು ಸಾಮಾನ್ಯ, ಮನುಷ್ಯರಿಗೂ ಹತ್ತುತ್ತದೆ. ಅಕ್ಕಪಕ್ಕದವರು ಬೇವಿನೆಣ್ಣೆ, ಗಂಧಕ, ಏನೇನೋ ಹಚ್ಚಲು ಹೇಳಿದರು. ಡಾಕ್ಟರಮ್ಮ ಯಾರ ಮಾತನ್ನೂ ಹೀಗಳೆಯಲಿಲ್ಲ. “ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ, ನೆಕ್ಕುತ್ತದಲ್ಲ. ಹಚ್ಚುವ ಮೊದಲು ನನ್ನನ್ನು ಕೇಳಿ,” ಎಂದರು. ನೇರಳಾತೀತ ದೀಪ ಹಿಡಿದು, ಶಿಲೀಂಧ್ರ ಹತ್ತಿ ಹಸಿರಾಗಿ ಹೊಳೆಯುವ ಕೂದಲನ್ನು ನನಗೂ ತೋರಿಸಿದರು. ಒಂದು ವಾರ ಕೊಟ್ಟು ಒಂದು ವಾರ ಬಿಡುವ ಇಟ್ರಕೊನಜೋಲ್ ಔಷಧಿ ಬರೆದರು. ಕೂದಲು ಮತ್ತೆ ಬಂದ ಮಾತ್ರಕ್ಕೆ ನಿಲ್ಲಿಸಬೇಡಿ, ಹಾಸಿಗೆ ಬಟ್ಟೆ ಒಗೆಯುತ್ತಲೇ ಇರಿ ಎಂದರು.

ಆಗಲೇ ಅವರು ಕೇಳಿದ್ದು, “ನೆಲಕ್ಕೆ ಏನು ಹಾಕಿ ಒರೆಸುತ್ತೀರಿ?” ಎಂದು. ಎಲ್ಲ ಮನೆಗಳಂತೆ ನಮ್ಮಲ್ಲೂ ಫಿನೈಲ್. ಫೀನಾಲ್ ಇರುವ ದ್ರಾವಣ ಬೆಕ್ಕಿಗೆ ವಿಷ, ಪಾದಕ್ಕೆ ಹತ್ತಿದ್ದನ್ನು ಅದು ನೆಕ್ಕುತ್ತದೆ. ಎರಡನೆಯ ಪ್ರಶ್ನೆ ಉಣುಗಿನ ಔಷಧಿಯದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಾಣಿಸಿಕೊಂಡಂದಿನಿಂದ ಉಣುಗು ಎಂದರೆ ನಮ್ಮವರಿಗೆ ಭಯ. ದನಕ್ಕೆ, ನಾಯಿಗೆ ತಪ್ಪದೆ ಔಷಧಿ ಹಾಕುತ್ತೇವೆ. ಅದೇ ಬಾಟಲಿಯಿಂದ ನಾಲ್ಕು ಹನಿ ಬೆಕ್ಕಿಗೂ ಹಾಕುವವರಿದ್ದಾರೆ. ಪರ್ಮೆಥ್ರಿನ್ ಇರುವ ನಾಯಿಯ ಔಷಧಿ ಬಿದ್ದರೆ ಬೆಕ್ಕು ನಡುಗಿ, ಸೆಟೆದು ಸಾಯಬಹುದು. ಹಾಗೆಯೇ ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್, ಒಂದೇ ಮಾತ್ರೆ ಸಾಕು ಬೆಕ್ಕನ್ನು ಕೊಲ್ಲಲು. ಇದನ್ನು ನಾನು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ, ಊರ ಬೆಕ್ಕು ಸಾಕುವವರಿಗೂ. ಮನೆಯೊಳಗಿನ ಬದುಕನ್ನು ಇಷ್ಟು ವಿವರವಾಗಿ ಕೇಳುವ ವೈದ್ಯರು ರೋಗವನ್ನು ಅರ್ಧ ದಾರಿಯಲ್ಲೇ ತಡೆಯುತ್ತಾರೆ.

ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುನ್ನ ನನ್ನ ಪ್ರಶ್ನೆಗಳು ಬಹಳ ಇದ್ದವು. ವೈದ್ಯರನ್ನು ಪರೀಕ್ಷಿಸುವ ಧಾಟಿಯಲ್ಲಿ ಕೇಳಿದರೆ ಯಾರಿಗಾದರೂ ಮನಸ್ಸು ನೋಯುತ್ತದೆ. “ಡಾಕ್ಟರೇ, ನನಗೆ ಅರ್ಥವಾದರೆ ಧೈರ್ಯ ಬರುತ್ತದೆ, ಅದಕ್ಕೆ ಕೇಳುತ್ತಿದ್ದೇನೆ,” ಎಂದೇ ಶುರು ಮಾಡಿದೆ. ರಕ್ತಪರೀಕ್ಷೆ ಮೊದಲು ಮಾಡುತ್ತೀರಾ, ಶ್ವಾಸನಾಳಕ್ಕೆ ಕೊಳವೆ ಹಾಕುತ್ತೀರಾ, ಆಮ್ಲಜನಕ ಇದೆಯೇ, ಎಚ್ಚರವಾಗುವ ತನಕ ಪಕ್ಕದಲ್ಲಿ ಯಾರಿರುತ್ತಾರೆ? ಕೊನೆಯದೇ ಮುಖ್ಯ. ಚಪ್ಪಟೆ ಮುಖದ ಬೆಕ್ಕಿಗೆ ಕೊಳವೆ ತೆಗೆದ ನಂತರದ ಹೊತ್ತೇ ಗಂಡಾಂತರದ್ದು. ಅವರು ಒಂದೊಂದಕ್ಕೂ ಉತ್ತರಿಸಿದರು. ಕರೆಂಟ್ ನೆಚ್ಚಿಕೊಳ್ಳಬಹುದಾದ ಕಾರ್ತಿಕ ಮಾಸದವರೆಗೆ ಕಾಯೋಣ ಎಂದು ಅವರೇ ಹೇಳಿದರು. ಬೆಳ್ಳಿ ಕಣ್ಣು ತೆರೆದು ತಲೆ ಎತ್ತುವವರೆಗೆ ಅವರು ಪಕ್ಕ ಬಿಟ್ಟು ಏಳಲಿಲ್ಲ.

ನನ್ನ ಕಡೆಯ ಕೆಲಸವೂ ಇದೆ. ಒಂದು ನೋಟ್‌ಬುಕ್ಕಿನಲ್ಲಿ ತೂಕ, ಊಟ, ನಿದ್ರೆಯಲ್ಲಿರುವಾಗಿನ ಉಸಿರು ಬರೆಯುತ್ತೇನೆ. ಮಲಗಿದ ಬೆಕ್ಕಿನ ಉಸಿರು ನಿಮಿಷಕ್ಕೆ 30ರ ಒಳಗಿರಬೇಕು. ಕೆಮ್ಮಿದರೆ ವಿವರಿಸಲು ಹೋಗದೆ ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸುತ್ತೇನೆ. ಬುಟ್ಟಿ ವರ್ಷವಿಡೀ ನಡುಮನೆಯಲ್ಲೇ ತೆರೆದಿರುತ್ತದೆ, ಅವಳು ಅದರಲ್ಲೇ ಮಲಗುತ್ತಾಳೆ, ಹಾಗಾಗಿ ಮಂಡಗದ್ದೆ ದಾರಿಯ ತಿರುವುಗಳಲ್ಲೂ ಅರಚುವುದಿಲ್ಲ. ಫೋನಿನಲ್ಲಿ ಕೇಳಿದ ಸಲಹೆಗೂ ಶುಲ್ಕ ಕೊಡುತ್ತೇನೆ. ಅವರು ಬೇಡವೆಂದರೂ ಕೊಡುತ್ತೇನೆ. ಅವರ ಸಮಯ ಪುಕ್ಕಟೆಯಲ್ಲ.

ಯಾವುದಕ್ಕೆ ಅಪರಾತ್ರಿಯಲ್ಲೂ ಕರೆಯಬಹುದು ಎಂದು ಇಬ್ಬರೂ ಕೂತು ಮಾತಾಡಿಕೊಂಡಿದ್ದೇವೆ. ಬಾಯಿ ತೆರೆದ ಉಸಿರು, ಮೂತ್ರಕ್ಕೆ ತಿಣುಕಿದರೂ ಹನಿಯೂ ಬಾರದಿರುವುದು, ವಿಷದ ಶಂಕೆ. ಗಂಡು ಬೆಕ್ಕು ಸಾಕಿದವರು ಎರಡನೆಯದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು. ಮೂತ್ರನಾಳ ಕಟ್ಟಿದರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಪೂರ್ತಿ ಒಂದು ದಿನ ಊಟ ಬಿಟ್ಟರೆ ಬೆಳಗಾಗುತ್ತಲೇ ಕರೆ. ಅವರು ಊರಲ್ಲಿಲ್ಲದಾಗ ಯಾರ ಬಳಿ ಹೋಗಬೇಕೆಂದೂ ಅವರೇ ಬರೆದುಕೊಟ್ಟಿದ್ದಾರೆ.

ಎಲ್ಲದರಲ್ಲೂ ನಾವು ಒಮ್ಮತದಲ್ಲಿಲ್ಲ. ಮನೆಯೊಳಗೇ ಇರುವ ಬೆಕ್ಕಿಗೆ ಮರಿಯಾಗಿದ್ದಾಗಿನ ಲಸಿಕೆಗಳೂ ಅದರ ಮುಂದಿನ ಬೂಸ್ಟರೂ ಆದ ಮೇಲೆ ಮೂರು ವರ್ಷಕ್ಕೊಮ್ಮೆ ಸಾಕು ಎಂಬ ಅಂತಾರಾಷ್ಟ್ರೀಯ ಮಾರ್ಗಸೂಚಿಯನ್ನು ನಾನು ಮುಂದಿಟ್ಟೆ. ಅವರು ಅದನ್ನು ಓದಿದ್ದರು. “ನಿಮ್ಮ ಕೊಟ್ಟಿಗೆಗೆ ಊರ ಬೆಕ್ಕುಗಳು ಬರುತ್ತವೆ, ಬೆಳ್ಳಿ ಜಗಲಿಗೆ ಹೋಗುತ್ತಾಳೆ. ಅದು ಮನೆಯೊಳಗಿನ ಬೆಕ್ಕಲ್ಲ,” ಎಂದರು. ನೆಗಡಿಯ ವೈರಸ್‌ಗಳಿಗೆ ಅಂಥ ಬೆಕ್ಕುಗಳಲ್ಲಿ ವರ್ಷಕ್ಕೊಮ್ಮೆ ಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ರೇಬಿಸ್‌ ಲಸಿಕೆಯ ಬಗ್ಗೆ ಇಬ್ಬರಲ್ಲೂ ತಕರಾರಿಲ್ಲ. ಜಗಲಿಗೆ ಜಾಲರಿ ಹಾಕಿಸುವ ಕೆಲಸ ಬಡಗಿಗೆ ಹೇಳಿದ್ದೇನೆ. ಅದು ಮುಗಿದ ಮೇಲೆ ಈ ಚರ್ಚೆಯನ್ನು ಮತ್ತೆ ಮಾಡೋಣ ಎಂದು ಡಾಕ್ಟರಮ್ಮ ಒಪ್ಪಿದ್ದಾರೆ.